ಟ್ರೈಲರ್‌ಗೆ ಸ್ಟೆಪ್ನಿ ಎಲ್ಲಿ ಹಾಕಿಸಲಿ?

ಪ್ರಶ್ನೆ: ಮೇಸ್ತ್ರಿಗಳೇ, ಕಬ್ಬು ಸಾಗಿಸುವುದಕ್ಕೆ ಅಂತ ನಾಲ್ಕು ಚಕ್ರದ ಹಳೇ ಟ್ರೈಲರ್ ತಗೊಂಡಿದ್ದೇನೆ. ಟೈರ್ 9.00-16. ಸ್ಟೆಪ್ನಿ ಇದೆ, ಅದನ್ನು ಕೂರಿಸುವುದಕ್ಕೆ ಜಾಗ ಮಾಡಿಲ್ಲ. ನಮ್ಮೂರ ವೆಲ್ಡಿಂಗ್ ಅಂಗಡಿಯವರು ಚಾಸಿ ಕೆಳಗೆ ಚೈನಿನಲ್ಲಿ ತೂಗುಹಾಕೋಣ ಅನ್ನುತ್ತಾರೆ. ನನ್ನ ತಮ್ಮ, ಮೂಕಿ (ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂದಿನ ದಂಡ) ಮೇಲೆ ಹಾಕಿಸು ಅನ್ನುತ್ತಾನೆ. ಯಾವುದು ಸರಿ?
– ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಎರಡೂ ಬೇಡ. ಎಡಮಗ್ಗುಲಲ್ಲಿ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ, ಟೈರನ್ನು ನೆಟ್ಟಗೆ ನಿಲ್ಲಿಸಿ ಚಾಸಿಗೆ ಬಿಗಿಸಿ.

ಚಾಸಿ ಕೆಳಗೆ ತೂಗುಹಾಕಿದ ಕಷ್ಟ ನಾನೇ ಪಟ್ಟಿದ್ದೇನೆ. ಆಗ ನನ್ನದೇ ಟ್ರೈಲರ್ ಇತ್ತು. ಒಂದು ರಾತ್ರಿ ನಾಲೆ ಏರಿ ಮೇಲೆ, ತುಂಬಿದ ಲೋಡಿನಲ್ಲಿ, ಹಿಂದಿನ ಟೈರ್ ಒಡೆಯಿತು. ಟೈರ್ ಕೂತಿತು, ಜೊತೆಗೆ ಚಾಸಿಯೂ ಕೂತಿತು. ಸ್ಟೆಪ್ನಿಗೂ ನೆಲಕ್ಕೂ ಮಧ್ಯೆ ಅಂಗೈಯಗಲ ಜಾಗ. ಗದ್ದೆ ಕೆಸರು ನಟ್ ಮೇಲೆ ಸಿಮೆಂಟಿನ ಹಾಗೆ ಒಣಗಿತ್ತು. ಜಾಕ್ ಕೊಟ್ಟು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಅಂಗಾತ ಮಲಗಿ ನಟ್ ಬಿಚ್ಚುತ್ತಿದ್ದೆ. ತಲೆ ಮೇಲೆ ಟನ್‌ಗಟ್ಟಲೆ ಕಬ್ಬು. ಜಾಕ್ ಒಂದಿಷ್ಟು ಜಾರಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ. ಆ ಸ್ಥಿತಿ ನಿಮಗೆ ಬರಬಾರದು.

ಇನ್ನು ಮೂಕಿ. ನಾಲ್ಕು ಚಕ್ರದ ಟ್ರೈಲರಿನಲ್ಲಿ ಅದು ಕೀಲಿನ ಮೇಲೆ ಆಡುತ್ತದೆ. ಟ್ರ್ಯಾಕ್ಟರಿಗೆ ಪಿನ್ ಹಾಕುವಾಗ ಕೈಯಲ್ಲೇ ಎತ್ತಬೇಕು, ಅಲ್ವಾ? ರಿಮ್ ಸಮೇತ ಟೈರ್ 50 ಕೆ.ಜಿ. ಮೇಲೆಯೇ ತೂಗುತ್ತದೆ. ಸುಮ್ನೆ ಸೊಂಟ ಹಾಳು. ಎರಡು ಚಕ್ರದ್ದಾಗಿದ್ದರೆ ಮಾತು ಬೇರೆ, ಅದರ ಮೂಕಿ ಚಾಸಿಗೇ ಬಿಗಿ.

ಎಡಮಗ್ಗುಲು ಯಾಕೆ ಅಂದರೆ, ರಾತ್ರಿ ಸ್ಟೆಪ್ನಿ ಇಳಿಸುವಾಗ ನಿಮ್ಮ ಬೆನ್ನು ರಸ್ತೆ ಕಡೆಗೆ ಇರುವುದಿಲ್ಲ. ಎತ್ತರವೂ ಕಡಿಮೆ, ನಟ್ ಬಿಚ್ಚಿ ಉರುಳಿಸಿಕೊಂಡು ಹೋಗಬಹುದು. ಟೈರಿನ ಅಡಿ ನೆಲದಿಂದ ಒಂದಡಿಯಾದರೂ ಮೇಲಿರಲಿ, ಇಲ್ಲದಿದ್ದರೆ ಗದ್ದೆಯಲ್ಲಿ ಕೂಳೆಗೆ, ಬದುವಿಗೆ ಉಜ್ಜುತ್ತದೆ. ಬಾಡಿ ಅಂಚಿನಿಂದ ಆಚೆ ಚಾಚಬಾರದು.

ವೆಲ್ಡಿಂಗ್‌ಗೆ ಮೊದಲು ಒಂದು ಕೆಲಸ ಮಾಡಿ. ಟ್ರ್ಯಾಕ್ಟರನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಮೂಕಿ ಜೊತೆ ತಿರುಗುವ ಟ್ರೈಲರಿನ ಮುಂದಿನ ಚಕ್ರ ಎಷ್ಟು ಹಿಂದಕ್ಕೆ ಬರುತ್ತದೋ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಿಂದ ಒಂದು ಗೇಣು ಬಿಟ್ಟು ಜಾಗ ಹಿಡಿಯಿರಿ. ಅಷ್ಟು ಜಾಗ ಸಿಗದಿದ್ದರೆ ಬಾಡಿಯ ಮುಂಭಾಗಕ್ಕೆ ಹಾಕಿಸಿ. ಆದರೆ ತಗಡಿಗೆ ಅಲ್ಲ, ಚಾಸಿಯಿಂದ ಕಂಬ ಎಬ್ಬಿಸಿ. ಬರೀ ತಗಡು ಒಂದು ಸೀಸನ್ನಿನಲ್ಲೇ ಬಿರಿಯುತ್ತದೆ.

10 ಎಂ.ಎಂ. ಪ್ಲೇಟ್ ತಗೊಳ್ಳಿ. ಅದರ ಮೇಲೆ ನಿಮ್ಮ ರಿಮ್ಮನ್ನೇ ಇಟ್ಟು ತೂತಿನ ಗುರುತು ಮಾಡಿ, ಮೂರು ಬೋಲ್ಟ್ ಕೂರಿಸಿ, ಒಂದೊಂದಕ್ಕೂ ಡಬಲ್ ನಟ್ ಹಾಕಿ. ಚಾನಲ್ಲಿನ (ಚಾಸಿಯ ಉದ್ದದ ಕಬ್ಬಿಣದ ತೊಲೆ) ಕೆಳ ಅಂಚಿಗೆ ಮಾತ್ರ ವೆಲ್ಡಿಂಗ್ ಬೇಡ. ಲೋಡ್ ಬಿದ್ದಾಗ ಎಳೆತ ಜಾಸ್ತಿ ಅಲ್ಲೇ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಪ್ಲೇಟನ್ನು ಚಾನಲ್ಲಿನ ಮೇಲಂಚಿಗೂ ಕೆಳ ಅಂಚಿಗೂ ನಡುವಿನ ಭಾಗಕ್ಕೆ ಬೋಲ್ಟ್ ಮಾಡಿಸಿ. ವೆಲ್ಡಿಂಗ್ ಹೊತ್ತಿನಲ್ಲಿ ಸ್ಟೆಪ್ನಿ ದೂರ ಇರಲಿ. ಗಾಳಿ ತುಂಬಿದ ಟೈರಿನ ರಿಮ್‌ಗೆ ಶಾಖ ತಗುಲಿದರೆ ಟೈರ್ ಸಿಡಿಯಬಹುದು.

ಮೊದಲ ಎರಡು ಟ್ರಿಪ್ ಆದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಗ್ರೀಸ್ ಹಚ್ಚಿ. ಸ್ಟೆಪ್ನಿಯ ಗಾಳಿಯನ್ನೂ ತಿಂಗಳಿಗೊಮ್ಮೆ ನೋಡಿ.