ಭುಜ ಕುಣಿಯಲಿ, ಕೈ ಬೇಡ

ಉಪ್ಪಳದವರು ನಮ್ಮ ಡ್ಯಾನ್ಸ್ ಗುಂಪಿನಲ್ಲಿ ಹಾಕಿದ ಬಚಾತಾ (ಜೋಡಿಯಾಗಿ ಕುಣಿಯುವ ಲ್ಯಾಟಿನ್ ನೃತ್ಯ) ವಿಡಿಯೋ ನೋಡಿದೆ. ಕನ್ನಡಿ ಮುಂದೆ ಒಬ್ಬರೇ ಮಾಡುವಾಗ ಶೋಲ್ಡರ್, ಅಂದರೆ ಭುಜ ಮಾತ್ರ ಕುಣಿಸುವುದು, ಸರಿಯಾಗಿ ಬರುತ್ತದೆ, ಜೋಡಿ ಹಿಡಿದ ಕೂಡಲೇ ಕೆಡುತ್ತದೆ ಅಂತ ಕೇಳಿದ್ದೀರಿ. ಮಾರಾಯ್ರೇ, ಭುಜ ಬಿಡಿ, ನಿಮ್ಮ ಕೈ ನೋಡಿ! ಭುಜದ ಹಿಂದೆಯೇ ಮೊಣಕೈ, ಅಂಗೈ ಎಲ್ಲ ಹೊರಟಿದೆ. ನನಗೂ ಇದೇ ರೋಗ ಇತ್ತು. ಕೈ ಅಲ್ಲಾಡಿದರೆ ಎದುರಿನವರಿಗೆ ಅದು ಲೀಡ್ (ಮುಂದೇನು ಮಾಡಬೇಕು ಅಂತ ಕೊಡುವ ಸೂಚನೆ) ಅಂತಲೇ ಅನಿಸುವುದು. ನಿಮ್ಮ ಪಾರ್ಟ್ನರ್ ನಡುವೆ ತಿರುಗಲು ಹೊರಟದ್ದು ಅದಕ್ಕೇ. ಅವರಿಗೆ ಯಾಕೆ ಬೈಯುತ್ತೀರಿ?

ಗೋಡೆ ಹಿಡಿಯಿರಿ. ಫ್ರೇಮ್, ಅಂದರೆ ಜೋಡಿ ಹಿಡಿಯುವಾಗ ಕೈ ಇರುವ ಎತ್ತರದಲ್ಲಿ ಎರಡೂ ಅಂಗೈ ಗೋಡೆಗೆ, ನಡುವೆ ಒಂದೊಂದು ಹಾಳೆ ಹಳೇ ಪೇಪರ್. ಬೀಳದಷ್ಟು ಮಾತ್ರ ಒತ್ತಿ. ಈಗ ಬಲಭುಜ ಮುಂದೆ, ನಡುವೆ, ಹಿಂದೆ, ನಡುವೆ. ಆಮೇಲೆ ಎಡ. ಪೇಪರ್ ಸರಸರ ಅಂದರೆ ಕೈ ಅಲ್ಲಾಡಿತು ಅಂತ ಲೆಕ್ಕ. ಮೊಣಕೈ ಬಿಗಿ ಹಿಡಿದರೆ ಇದು ಆಗುವುದೇ ಇಲ್ಲ. ಭುಜ ಮುಂದೆ ಬಂದಾಗ ಮೊಣಕೈ ಚೂರು ಮಡಚಬೇಕು, ಹಿಂದೆ ಹೋದಾಗ ಬಿಚ್ಚಬೇಕು. ಬೆನ್ನಿನ ಚಪ್ಪಟೆ ಎಲುಬು ಪಕ್ಕೆಲುಬಿಗೆ ಅಂಟಿಕೊಂಡಿಲ್ಲ, ಜಾರುತ್ತದೆ. ಜಾರಲು ಬಿಡಿ.

ಮೆಟ್ರೊನೋಮ್ (ತಾಳ ಬಡಿಯುವ ಸಾಧನ) ನಿಮಿಷಕ್ಕೆ 60 ಬೀಟಿಗೆ ಇಡಿ. ಪೇಪರ್ ಸದ್ದು ನಿಂತ ಮೇಲೆ 80. ಅವಸರ ಬೇಡ. ಭುಜ ಕಿವಿ ಕಡೆ ಏರಿದರೆ ಅಲ್ಲೇ ನಿಲ್ಲಿಸಿ, ಇಲ್ಲದಿದ್ದರೆ ಮರುದಿನ ಕುತ್ತಿಗೆ ಹಿಡಿಯುತ್ತದೆ. ಭುಜದಲ್ಲಿ ಮೊದಲೇ ನೋವಿದ್ದರೆ ಡಾಕ್ಟರಿಗೆ ತೋರಿಸಿ, ಗುಂಪಿನಲ್ಲಿ ಕೇಳಿ ಮಾಡಬೇಡಿ. ಎದೆಗೂಡು ಜೊತೆಯಲ್ಲೇ ತಿರುಗುತ್ತಿದ್ದರೆ ಐಸೊಲೇಷನ್ (ಒಂದೇ ಅಂಗ ಬೇರೆಯಾಗಿ ಆಡಿಸುವುದು) ಅಲ್ಲ ಅದು, ಇಡೀ ಮೈ ಓಲಾಡಿದ್ದು. ಅಂಥವರು ಕುರ್ಚಿಯಲ್ಲಿ ಕೂತು ಮಾಡಿ, ಸೊಂಟ ತಾನಾಗಿ ಸುಮ್ಮನಾಗುತ್ತದೆ.

ಜೋಡಿಯಲ್ಲಿ ಪರೀಕ್ಷೆ ಹೀಗೆ: ಪಾರ್ಟ್ನರ್ ಕಣ್ಣು ಮುಚ್ಚಲಿ, ನೀವು ಬೇಸಿಕ್ ಹೆಜ್ಜೆ ಮಾಡುತ್ತಾ ಭುಜ ಶುರು ಮಾಡಿ. ಯಾವಾಗ ಶುರುವಾಯಿತು ಅಂತ ಅವರಿಗೆ ಗೊತ್ತಾದರೆ ಮತ್ತೆ ಗೋಡೆಗೆ.

ಸಾಲ್ಸಾದವರಿಗೆ ಒಂದು ಮಾತು. ಹಾಡು ನಿಮಿಷಕ್ಕೆ 180 ಬೀಟ್ ದಾಟಿದರೆ ಪ್ರತಿ ಬೀಟಿಗೂ ಶಿಮ್ಮಿ (ಭುಜ ಬೇಗ ಬೇಗ ಅಲುಗಿಸುವುದು) ಹೊಡೆಯಬೇಡಿ, ಚಳಿ ಹಿಡಿದ ಹಾಗೆ ಕಾಣುತ್ತದೆ. ನಾಲ್ಕು ಬೀಟಿಗೆ ಭುಜದ ಒಂದೇ ರೋಲ್ (ಒಂದು ಸುತ್ತು) ಸಾಕು. ಮಂಡಿ ಸಡಿಲ ಇರಲಿ. ನಮ್ಮಲ್ಲಿ ತೆಂಕುತಿಟ್ಟು ಯಕ್ಷಗಾನ ಕಲಿತವರಿಗೆ ಮಂಡಿ ಬಗ್ಗಿಸುವುದು ಹೊಸದಲ್ಲ, ಆದರೆ ಇಲ್ಲಿ ಅಷ್ಟು ಬೇಡ.

ಪ್ರಾಕ್ಟೀಸಿಗೆ ಜೆಬಿಎಲ್ ಸ್ಪೀಕರ್ ತರಬೇಕಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಸುಮ್ನೆ ಖರ್ಚು. ಫೋನಿನಲ್ಲಿ ಬಾಸ್ ಕಡಿಮೆ, ಅದೇ ಒಳ್ಳೆಯದು. ಬಚಾತಾದ ಗುಯಿರಾ (ಕೆರೆದು ನುಡಿಸುವ ಲೋಹದ ವಾದ್ಯ), ಸಾಲ್ಸಾದ ಕೌಬೆಲ್ (ಕೋಲಿನಿಂದ ಬಡಿಯುವ ಗಂಟೆ) ಎರಡೂ ಸ್ಪಷ್ಟ ಕೇಳುತ್ತದೆ. ಆ ದುಡ್ಡಿಗೆ ಸ್ವೇಡ್ ಸೋಲ್ (ಒರಟು ಮೈಯ ಚರ್ಮದ ಅಟ್ಟೆ) ಇರುವ ಡ್ಯಾನ್ಸ್ ಶೂ ತಗೊಳ್ಳಿ, ಬ್ಲಾಕ್ (Bloch) ಕಂಪನಿಯದ್ದಾದರೂ ಸರಿ, ಕಪೇಜಿಯೋ ಕಂಪನಿಯದ್ದಾದರೂ ಸರಿ. ಮಳೆಗಾಲದಲ್ಲಿ ಮಾತ್ರ ಅದನ್ನು ಹಾಕಿಕೊಂಡು ಅಂಗಳಕ್ಕೆ ಇಳಿಯಬೇಡಿ, ಒದ್ದೆಯಾದರೆ ಕೆಲಸ ಕೆಟ್ಟಿತು. ರೆಡ್ ಆಕ್ಸೈಡ್ ನೆಲದ ಮೇಲೆ ಸಾಕ್ಸ್ ಹಾಕಿ ಕುಣಿಯುವುದಂತೂ ಬೇಡವೇ ಬೇಡ.