ಪಾರ್ಕಿನಲ್ಲಿ ಓಡುವವರು ಎಷ್ಟು ಮಂದಿ?

ಪ್ರಶ್ನೆ: ಮೇಡಂ, ನಮ್ಮ ಬಡಾವಣೆಯ ಪಾರ್ಕಿನಲ್ಲಿ ಎರಡು ಉಯ್ಯಾಲೆ, ಒಂದು ಜಾರುಬಂಡೆ, ಒಂದು ಸೀಸಾ ಇವೆ. ಆದರೂ ಮಕ್ಕಳು ಬರುವುದು ಕಡಿಮೆ. ನನ್ನ ಮಗನಿಗೆ ಹತ್ತು ವರ್ಷ. ತೂಕ ಜಾಸ್ತಿಯಾಗಿದೆ, ಚೆನ್ನಾಗಿ ಆಡಲಿ ಬಿಡಿ ಅಂದಿದ್ದಾರೆ ಡಾಕ್ಟರು. ಪಾರ್ಕು ಮಕ್ಕಳಿಗೆ ಎಷ್ಟರಮಟ್ಟಿಗೆ ಉಪಯೋಗವಾಗುತ್ತಿದೆ ಎಂದು ನೋಡಿ ವರದಿ ಕೊಡುವ ಕೆಲಸವನ್ನು ನಿವಾಸಿಗಳ ಸಂಘದವರು ನನಗೇ ಗಂಟು ಹಾಕಿದ್ದಾರೆ. ಹೊಸ ಆಟದ ಸಾಮಾನಿನ ಪಟ್ಟಿ ಕೊಟ್ಟರೆ ಸಾಕಾ?

ಉತ್ತರ: ಸಾಕಾಗುವುದಿಲ್ಲ. ಪಟ್ಟಿ ಆಮೇಲೆ ಮಾಡೋಣ. ಮೊದಲು ನೋಟ್‌ಬುಕ್ಕು, ಪೆನ್ನು ಹಿಡಿದುಕೊಂಡು ಬೆಂಚಿನ ಮೇಲೆ ಕೂತುಕೊಳ್ಳಿ.

ನಾನು ಪಿ.ಟಿ. ಟೀಚರ್ ಆಗಿದ್ದವಳು. ನಿವೃತ್ತಿಯಾದರೂ ಆಡುವ ಮಕ್ಕಳನ್ನು ನೋಡುತ್ತಾ ನಿಲ್ಲುವ ಚಾಳಿ ಬಿಟ್ಟಿಲ್ಲ. ಒಂದು ಸಂಜೆ ಉಯ್ಯಾಲೆಯ ಪಕ್ಕ ವಾಚು ನೋಡಿಕೊಂಡು ಕೂತಿದ್ದೆ. ಒಬ್ಬ ಪುಟ್ಟ ಹುಡುಗ ಸರದಿಗೆ ಕಾದದ್ದು ಏಳು ನಿಮಿಷ, ಆಡಿದ್ದು ಎರಡು ನಿಮಿಷ. ಆ ಎರಡು ನಿಮಿಷವೂ ಅವನ ಅಕ್ಕ ಹಿಂದಿನಿಂದ ತಳ್ಳುತ್ತಿದ್ದಳು. ಬೆವರಿದ್ದು ಅಕ್ಕ!

ಹೀಗೆ ನೋಡಿ ಎಣಿಸುವುದಕ್ಕೆ ಒಂದು ಕ್ರಮವೇ ಇದೆ, ಸೋಪಾರ್ಕ್ ಅಂತ ಹೆಸರು. ಅಮೆರಿಕದ ಸಂಶೋಧಕರಾದ ಥಾಮಸ್ ಮೆಕೆಂಜಿ, ಡೆಬೊರಾ ಕೋಹೆನ್ ಮತ್ತು ಜೊತೆಯವರು 2006ರಲ್ಲಿ ಪ್ರಕಟಿಸಿದ್ದು. ಹೆಸರು ದೊಡ್ಡದು, ಕೆಲಸ ಸುಲಭ. ಪಾರ್ಕಿನ ಒಂದು ಒರಟು ನಕ್ಷೆ ಬರೆದು ಭಾಗ ಮಾಡಿಕೊಳ್ಳಿ: ಹುಲ್ಲಿನ ಜಾಗ, ಆಟದ ಸಾಮಾನು ಇರುವ ಜಾಗ, ನಡೆಯುವ ದಾರಿ. ಒಂದೊಂದು ಭಾಗದ ಮೇಲೂ ಈ ತುದಿಯಿಂದ ಆ ತುದಿಗೆ ಒಮ್ಮೆ ಕಣ್ಣಾಡಿಸಿ. ಆ ಕ್ಷಣದಲ್ಲಿ ಯಾರು ಏನು ಮಾಡುತ್ತಿದ್ದಾರೋ ಅದಕ್ಕೆ ಗೀಟು ಹಾಕಿ. ಮೂರೇ ಕಾಲಂ: ಕೂತವರು ಅಥವಾ ನಿಂತವರು, ನಡೆಯುವವರು, ಅದಕ್ಕಿಂತ ಜೋರಾಗಿ ಮೈ ದಣಿಸುವವರು. ಗಂಡೋ ಹೆಣ್ಣೋ, ಅಂದಾಜು ವಯಸ್ಸೆಷ್ಟು, ಅದನ್ನೂ ಗುರುತು ಮಾಡಿ. ಹೆಸರು ಬೇಡ, ಫೋಟೋ ಅಂತೂ ಬೇಡವೇ ಬೇಡ. ದಿನಕ್ಕೆ 4 ಹೊತ್ತಿನಂತೆ ವಾರದಲ್ಲಿ 4 ದಿನ, ಭಾನುವಾರವನ್ನೂ ಸೇರಿಸಿಕೊಂಡು ಎಣಿಸಿ. ಯಾರೂ ಇಲ್ಲದಿದ್ದರೆ ಸೊನ್ನೆ ಬರೆಯಿರಿ. ಎಷ್ಟೋ ಸಲ ವರದಿಗೆ ಬೇಕಾದದ್ದು ಆ ಸೊನ್ನೆಯೇ.

ಲಾಸ್ ಏಂಜಲೀಸ್‌ನ 8 ಪಾರ್ಕುಗಳಲ್ಲಿ ಹೀಗೇ ಎಣಿಸಿದಾಗ, ಸುಮಾರು ಮೂರರಲ್ಲಿ ಎರಡು ಪಾಲು ಜನ ಸುಮ್ನೆ ಕೂತೋ ನಿಂತೋ ಇದ್ದರು. ಪಾರ್ಕಿಗೆ ಬಂದ ಮಾತ್ರಕ್ಕೆ ಮೈ ದಣಿಯುವುದಿಲ್ಲ ಅಲ್ವಾ?

ಆಮೇಲೆ ಬೋರ್ಡುಗಳನ್ನು ಓದಿ. ಇದನ್ನು ಯಾರೂ ಮಾಡುವುದಿಲ್ಲ. ನಾನು ನೋಡಿದ ಒಂದು ಪಾರ್ಕಿನ ಬೋರ್ಡು ಹೀಗಿತ್ತು: ಹುಲ್ಲಿನ ಮೇಲೆ ಓಡಬಾರದು. ಚೆಂಡಾಟ ನಿಷೇಧಿಸಲಾಗಿದೆ. ಸೈಕಲ್ ತರಬಾರದು. ಹನ್ನೆರಡು ವರ್ಷ ಮೇಲ್ಪಟ್ಟವರು ಉಯ್ಯಾಲೆ ಹತ್ತಬಾರದು. ಅದರ ಕೆಳಗೆ ಹಸಿರು ಬಣ್ಣದಲ್ಲಿ, ಆರೋಗ್ಯವೇ ಭಾಗ್ಯ! ಹತ್ತು ವರ್ಷದ ಹುಡುಗ ಅಲ್ಲಿ ಇನ್ನೇನು ಮಾಡಬೇಕು? ನಿಮ್ಮ ಪಾರ್ಕಿನಲ್ಲೂ ಇಂಥ ಬೋರ್ಡಿದ್ದರೆ ವರದಿಯ ಮೊದಲ ಪುಟಕ್ಕೆ ಅದೇ ಬರಲಿ. ಸಂಜೆ ಎರಡು ಗಂಟೆ ಹುಲ್ಲಿನ ಜಾಗವನ್ನು ಮಕ್ಕಳಿಗೆ ಬಿಟ್ಟುಕೊಟ್ಟರೆ ಹೊಸ ಜಾರುಬಂಡೆಗಿಂತ ಜಾಸ್ತಿ ಲಾಭ, ಖರ್ಚೂ ಇಲ್ಲ. ಹುಲ್ಲು ಸವೆಯುತ್ತದೆ ಎಂದು ಯಾರಾದರೂ ತಗಾದೆ ತೆಗೆಯುತ್ತಾರೆ. ಸವೆಯಲಿ ಬಿಡಿ.

ಮನೆಯಿಂದ ಪಾರ್ಕಿನವರೆಗೆ ಮಗನ ಜೊತೆ ನಡೆದುಕೊಂಡೇ ಹೋಗಿ. ಗೇಟು ಇರುವುದು ಆಚೆ ಬದಿಗೋ? ಮಧ್ಯೆ ವಾಹನ ನುಗ್ಗುವ ರಸ್ತೆ ಇದೆಯೋ? ಮಕ್ಕಳಿಗೆ ಬಿಡುವಿರುವ ಹೊತ್ತಿಗೆ ಬೀಗ ಹಾಕಿರುತ್ತಾರೋ? ಮಕ್ಕಳು ಬಾರದಿರುವುದಕ್ಕೆ ಕಾರಣ ಪಾರ್ಕಿನ ಒಳಗಿಗಿಂತ ಹೊರಗೇ ಸಿಗಬಹುದು. ಒಳಗೆ ಹೋದ ಮೇಲೆ ಬಿಸಿಲಿನ ಹೊತ್ತಿನಲ್ಲಿ ಜಾರುಬಂಡೆಯ ಮೇಲೆ ಅಂಗೈ ಇಟ್ಟು ನೋಡಿ. ತಗಡಾದರೆ ಚುರ್ ಅನ್ನುತ್ತದೆ. ಉಯ್ಯಾಲೆಯ ಕೆಳಗೆ ಸಿಮೆಂಟಿದ್ದರೆ ತೆಗೆಸಿ, ದಪ್ಪಗೆ ಮರಳು ಹಾಕಿಸಿ. ಕಂಬಿಗಳ ಸಂದು 9 ಸೆಂ.ಮೀ.ನಿಂದ 23 ಸೆಂ.ಮೀ. ಒಳಗಿದ್ದರೆ ಮಗುವಿನ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ಟೇಪು ಹಿಡಿದು ಅಳೆಯಿರಿ.

ಒಂದು ಮಾತು ಮಾತ್ರ ಬರೆಯಬೇಡಿ: ಪಾರ್ಕು ಸರಿಯಾದರೆ ಮಕ್ಕಳ ತೂಕ ಇಳಿಯುತ್ತದೆ ಅಂತ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಜೋರಾಗುವಂತೆ ಮೈ ದಣಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಒಂದು ಪಾಲನ್ನು ಪಾರ್ಕು ಕೊಡಬಲ್ಲದು. ಊಟ, ನಿದ್ದೆ, ಮೊಬೈಲಿನ ಲೆಕ್ಕ ಮನೆಯದ್ದು. ಸಂಘದಲ್ಲಿ ಯಾರಾದರೂ ಪಾರ್ಕಿಗೆ ತೂಕದ ಯಂತ್ರ ತರೋಣ ಅಂದರೆ ದಯವಿಟ್ಟು ತಡೆಯಿರಿ. ನಾನು ಕೆಲಸ ಮಾಡಿದ ಒಂದು ಕಡೆ ಮಕ್ಕಳ ತೂಕವನ್ನು ಎಲ್ಲರೆದುರು ಜೋರಾಗಿ ಓದಿದರು. ಅವತ್ತು ತಲೆ ತಗ್ಗಿಸಿದ ಹುಡುಗ ಆ ವರ್ಷವಿಡೀ ಮೈದಾನಕ್ಕೆ ಇಳಿಯಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ತಡೆಯಲಿಲ್ಲ. ಮಗನ ತೂಕದ ಮಾತು ನಿಮಗೂ ಡಾಕ್ಟರಿಗೂ ಇರಲಿ. ಅವನ ಜೊತೆ ಇಬ್ಬರು ಗೆಳೆಯರನ್ನು, ಒಂದು ಚೆಂಡನ್ನು ಕಳಿಸಿ.

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು. ಪಾರ್ಕಿಗೆ ಬಾ ಅಂದರೆ "ಅಲ್ಲಿ ನನಗೇನಿದೆ?" ಅನ್ನುತ್ತಾಳೆ. ಸೋಮಾರಿತನವೇ?

ಉತ್ತರ: ಅಲ್ಲಮ್ಮಾ, ಅವಳು ಕೇಳುತ್ತಿರುವುದು ಸರಿಯಾಗಿಯೇ ಇದೆ. ಉಯ್ಯಾಲೆ ಚಿಕ್ಕವರದ್ದು, ಚೆಂಡಾಡುವ ಜಾಗ ಹುಡುಗರದ್ದು, ಬೆಂಚು ಹಿರಿಯರದ್ದು. ಮೇಲೆ ಹೇಳಿದ ಹಾಗೆ ಗೀಟು ಹಾಕುತ್ತಾ ಹೋದರೆ ಅವಳ ವಯಸ್ಸಿನ ಹೆಣ್ಣುಮಕ್ಕಳ ಕಾಲಂ ಖಾಲಿ ಉಳಿಯುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ನೋಟ್‌ಬುಕ್ಕನ್ನು ಅವಳ ಕೈಗೇ ಕೊಟ್ಟು ಒಂದು ಸುತ್ತು ಕರೆದುಕೊಂಡು ಹೋಗಿ. ಯಾವ ದೀಪ ಉರಿಯುವುದಿಲ್ಲ, ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಕೇಳಿ. ಅವಳಿಗೆ ಗೊತ್ತಿರುತ್ತದೆ.