ಅಂಡಮಾನ್‌ಗೆ ಅತ್ತೆಯೂ ಬರಬೇಕಂತೆ, ಏನು ಮಾಡಲಿ?

ಪ್ರಶ್ನೆ: ನನಗೆ 38 ವರ್ಷ. ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ಯಜಮಾನರು ಸಹಕಾರಿ ಬ್ಯಾಂಕಿನಲ್ಲಿದ್ದಾರೆ. 10 ವರ್ಷದ ಮಗ ಇದ್ದಾನೆ. ಮದುವೆಯಾಗಿ 12 ವರ್ಷವಾಯಿತು. ಇದುವರೆಗೆ ನಾವಿಬ್ಬರೇ ಅಂತ ಎಲ್ಲಿಗೂ ಹೋಗಿಲ್ಲ. ಮದುವೆಯಾದ ಹೊಸದರಲ್ಲಿ ಧರ್ಮಸ್ಥಳ, ಶೃಂಗೇರಿಗೆ ಹೋದಾಗಲೂ ಟೆಂಪೋ ಟ್ರಾವೆಲರ್ ತುಂಬ ನೆಂಟರಿದ್ದರು. ನಾನು ಎರಡು ವರ್ಷ ಚೀಟಿ ಕಟ್ಟಿ ಎತ್ತಿದ ದುಡ್ಡಿನಲ್ಲಿ ಅಂಡಮಾನ್‌ಗೆ ಟಿಕೆಟ್ ಮಾಡಿಸಿದ್ದೇವೆ. ದಸರಾ ಹಬ್ಬ ಮುಗಿದ ಮೇಲೆ ಐದು ದಿನ. ಮಗನನ್ನು ಹಾವೇರಿಯ ನನ್ನ ಅಕ್ಕನ ಮನೆಯಲ್ಲಿ ಬಿಡುವುದು ಅಂತ ಮಾತಾಗಿತ್ತು. ಕಳೆದ ವರ್ಷ ಮಾವ ತೀರಿಕೊಂಡರು. ಈ ಶ್ರಾವಣದಲ್ಲಿ ವರ್ಷದ ಕಾರ್ಯ ಮುಗಿಯಿತು. ಈಗ ಇದ್ದಕ್ಕಿದ್ದಂತೆ ಯಜಮಾನರು "ಅವ್ವನ್ನೂ ಕರ್ಕೊಂಡು ಹೋಗೋಣ, ರೂಮಿಗೆ ಒಂದು ಎಕ್ಸ್‌ಟ್ರಾ ಬೆಡ್ ಹಾಕಿಸಿದ್ರಾಯ್ತು" ಅನ್ನುತ್ತಿದ್ದಾರೆ. ನಾದಿನಿ ಹುಬ್ಬಳ್ಳಿಯಿಂದ ಫೋನ್ ಮಾಡಿ "ಅವ್ವನ್ನ ಒಬ್ಬಳೇ ಬಿಟ್ಟು ಹೋಗ್ತೀರಾ?" ಅಂದಳು. ಅತ್ತೆ ಮಾತ್ರ "ನನ್ನನ್ಯಾಕೆ ಕೇಳ್ತೀರಿ, ನೀವು ಹೋಗಿಬನ್ನಿ" ಅಂತ ಸುಮ್ಮನಾದರು. ಅವರು ಕೆಟ್ಟವರಲ್ಲ. ನನ್ನ ಬಾಣಂತನವನ್ನೂ ಅವರೇ ಮಾಡಿದ್ದು. ಅವರಿಗೆ 67 ವರ್ಷ, ಮಂಡಿನೋವಿದೆ. ಟಿಕೆಟ್ ಸಿಗಲಿಲ್ಲ ಅಂತ ಹೇಳಿಬಿಡು ಅನ್ನುತ್ತಾಳೆ ಅಕ್ಕ. ಬೇಡ ಅಂದರೆ ಪಾಪ ಅನ್ನಿಸುತ್ತದೆ, ಹೂಂ ಅಂದರೆ ಅಳು ಬರುತ್ತದೆ. ಇನ್ನೊಂದು ವಿಷಯ. ಅವರು ಬರದೆ ನಾವಿಬ್ಬರೇ ಹೋದರೂ, ಅಲ್ಲಿ ಅಷ್ಟು ದಿನ ಏನು ಮಾತಾಡುತ್ತೇವೋ ಅಂತ ಒಂದು ಭಯ. ದಾರಿ ತೋರಿಸಿ.

— ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ನಿಮ್ಮ ಅಳುವಿನ ಬಗ್ಗೆ ಹೇಳುತ್ತೇನೆ. ಅದು ಸ್ವಾರ್ಥದ ಅಳು ಅಲ್ಲ. ಹನ್ನೆರಡು ವರ್ಷ ಸಂಸಾರ ಮಾಡಿದ ಹೆಣ್ಣುಮಗಳು ತನ್ನ ಗಂಡನ ಜೊತೆ ಐದು ದಿನ ಒಂಟಿಯಾಗಿ ಇರಬೇಕು ಅಂತ ಬಯಸುವುದರಲ್ಲಿ ಪಾಪ ಎಲ್ಲಿಂದ ಬಂತು? ಬಾಣಂತನ ಮಾಡಿದ ಅತ್ತೆಯ ಋಣ ನಿಮಗೆ ನೆನಪಿದೆ, ಕಾಗದದಲ್ಲೇ ಬರೆದಿದ್ದೀರಿ. ಆ ಋಣ ತೀರಿಸುವ ದಾರಿ ಬೇಕಾದಷ್ಟಿವೆ. ಈ ಪ್ರವಾಸವನ್ನೇ ಅದಕ್ಕೆ ಕೊಡಬೇಕಾಗಿಲ್ಲ.

ಇಬ್ಬರೇ ಹೋಗಿ. ನನ್ನ ಉತ್ತರ ಅದೇ. ಆದರೆ ಯಾವ ಕಾರಣ ಹೇಳಿ ಹೋಗುತ್ತೀರಿ ಅನ್ನುವುದರ ಮೇಲೆ ಮುಂದಿನದು ನಿಂತಿದೆ.

ಅಕ್ಕ ಹೇಳಿದ ಸುಳ್ಳು ಬೇಡ. ಟಿಕೆಟ್ ಇದೆಯೋ ಇಲ್ಲವೋ ಅಂತ ನಿಮ್ಮ ಯಜಮಾನರು ಮೊಬೈಲ್‌ನಲ್ಲಿ ಒಂದು ನಿಮಿಷದಲ್ಲಿ ನೋಡಬಹುದು. ಅವರು ನೋಡದೇ ಇದ್ದರೂ, ಆ ಸುಳ್ಳನ್ನು ಅಲ್ಲಿಯವರೆಗೂ ಹೊತ್ತುಕೊಂಡು ಹೋಗುವವರು ನೀವು. ಮಂಡಿನೋವನ್ನೂ ನೆಪ ಮಾಡಬೇಡಿ. ಅತ್ತೆಗೆ ಆ ಪ್ರಯಾಣ ಕಷ್ಟ ಅನ್ನುವುದು ನಿಜವೇ. ವಿಮಾನ ಇಳಿಯುವ ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್ ದ್ವೀಪಕ್ಕೆ ಹಡಗಿನಲ್ಲಿ ಒಂದೂವರೆ ಎರಡು ಗಂಟೆ. ಜೆಟ್ಟಿಯಲ್ಲಿ ಹಡಗು ಅಲುಗಾಡುತ್ತಿರುವಾಗಲೇ ಹಲಗೆ ದಾಟಿ ಹತ್ತಬೇಕು. ಗಾಳಿ ಇದ್ದ ದಿನ ಗಟ್ಟಿಮುಟ್ಟಾದವರಿಗೂ ವಾಂತಿ ಬರುತ್ತದೆ. ಆದರೂ ಇದನ್ನು ಕಾರಣವಾಗಿ ಮುಂದಿಟ್ಟರೆ ಏನಾಗುತ್ತದೆ ಗೊತ್ತಾ? "ನಾನು ಹಿಡ್ಕೊಂಡು ಹತ್ತಿಸ್ತೀನಿ ಬಿಡು" ಅನ್ನುತ್ತಾರೆ ಮಗ. ಅಲ್ಲಿಗೆ ನಿಮ್ಮ ಬಾಯಿ ಮುಚ್ಚಿತು. ನಿಮ್ಮ ನಿಜವಾದ ಕಾರಣ ಒಂದೇ: ನಾವಿಬ್ಬರೇ ಹೋಗಬೇಕು. ಅಷ್ಟು ಸಾಕು. ಅದಕ್ಕೆ ಇನ್ನೊಂದು ಕಾರಣದ ಊರುಗೋಲು ಬೇಡ.

ಎಕ್ಸ್‌ಟ್ರಾ ಬೆಡ್ ಮಾತು ಓದಿ ನನಗೂ ಬೇಜಾರಾಯಿತು. ನಿಮ್ಮ ಯಜಮಾನರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಮನೆಯಲ್ಲಿ ನೆಂಟರು ಬಂದಾಗ ಹಾಲ್‌ನಲ್ಲಿ ಇನ್ನೊಂದು ಚಾಪೆ ಹಾಸುತ್ತೇವಲ್ಲ, ಅದೇ ಅಭ್ಯಾಸದಲ್ಲಿ ಬಂದ ಮಾತು. ಆದರೆ ಗಂಡ ಹೆಂಡತಿ ಮೊದಲ ಸಲ ಒಂಟಿಯಾಗಿ ಹೊರಟ ರೂಮಿನಲ್ಲಿ ಮೂರನೆಯ ಹಾಸಿಗೆ ಬಿದ್ದರೆ ಅದು ಬೇರೆಯೇ ಪ್ರವಾಸ. ನಿಮ್ಮ ಅತ್ತೆಗೂ ಅಲ್ಲಿ ಮುಜುಗರವೇ. ರಾತ್ರಿ ಯಾವಾಗ ಲೈಟ್ ಆರಿಸಬೇಕು ಅನ್ನುವುದರಿಂದ ಹಿಡಿದು ಬೆಳಿಗ್ಗೆ ಬಾತ್‌ರೂಮಿಗೆ ಯಾರು ಮೊದಲು ಅನ್ನುವವರೆಗೆ ಮೂವರೂ ಸಂಕೋಚಪಡಬೇಕು.

ಇನ್ನು ಅವರು ಯಾಕೆ ಈಗ ಹೀಗಂದರು ಅಂತ ಸ್ವಲ್ಪ ನೋಡೋಣ. ಟಿಕೆಟ್ ಮಾಡಿಸುವಾಗ ಅವರೇ ಒಪ್ಪಿದ್ದರು ಅಲ್ವಾ? ಮಧ್ಯೆ ಬಂದದ್ದು ವರ್ಷದ ಕಾರ್ಯ. ಅಪ್ಪ ಹೋದ ಮೇಲೆ ಈ ಒಂದು ವರ್ಷ ನಿಮ್ಮ ಯಜಮಾನರು ಬ್ಯಾಂಕಿಗೂ ಹೋಗಿ, ತಿಥಿ, ಕಾಗದಪತ್ರ, ಖಾತೆ ಬದಲಾವಣೆ ಅಂತ ಓಡಾಡಿರುತ್ತಾರೆ. ಹಿರಿಯ ಮಗ ಅಥವಾ ಒಬ್ಬನೇ ಮಗ ಆಗಿದ್ದರಂತೂ ಕೂತು ಅಳುವುದಕ್ಕೂ ಬಿಡುವಿರುವುದಿಲ್ಲ. ಈಗ ಎಲ್ಲ ಮುಗಿದಿದೆ. ಸೂಟ್‌ಕೇಸ್ ತೆಗೆದಿಡುವ ಹೊತ್ತಿಗೆ ಅಪ್ಪ ಇಲ್ಲ, ಅವ್ವ ಒಬ್ಬಳೇ, ನಾನು ಮಜಾ ಮಾಡಲು ಹೊರಟಿದ್ದೇನೆ ಅನ್ನಿಸಿರಬೇಕು. ಆ ಸಂಕಟಕ್ಕೆ ಅವರಿಗೆ ತೋಚಿದ ಪರಿಹಾರ ಎಕ್ಸ್‌ಟ್ರಾ ಬೆಡ್. ಹಾಗಾಗಿ ಅವರ ಜೊತೆ ಮಾತಾಡುವಾಗ ಬೆಡ್ ಬಗ್ಗೆ ಜಗಳ ತೆಗೆಯಬೇಡಿ, ಅದರ ಹಿಂದಿರುವ ಸಂಕಟದ ಬಗ್ಗೆ ಮಾತಾಡಿ.

ಊಟಕ್ಕೆ ಬಡಿಸುವಾಗ ಬೇಡ, ಅತ್ತೆಯ ಎದುರಿಗೂ ಬೇಡ. ಮಗ ಮಲಗಿದ ಮೇಲೆ ಮಹಡಿಗೆ ಹೋಗಿ, ಇಲ್ಲಾ ಇಬ್ಬರೇ ಒಂದು ಸುತ್ತು ನಡೆದು ಬನ್ನಿ. "ರೀ, ಅತ್ತೆ ಬರೋದು ನನಗೆ ಇಷ್ಟ ಇಲ್ಲ ಅಂತಲ್ಲ. ನಾವಿಬ್ಬರೇ ಹೋಗೋದು ನನಗೆ ಬೇಕು. ಎರಡು ವರ್ಷದಿಂದ ಇದಕ್ಕೇ ಕಾದಿದ್ದೀನಿ. ಮಾವ ಹೋದ ಮೇಲೆ ನಿಮ್ಮ ಹತ್ತಿರ ಸರಿಯಾಗಿ ಕೂತು ಮಾತಾಡೋಕೂ ಆಗಿಲ್ಲ." ಇಷ್ಟು ಹೇಳಿ ಸುಮ್ಮನಾಗಿ. ಅವರು ಉತ್ತರ ಹುಡುಕಲು ಹೊತ್ತು ತೆಗೆದುಕೊಂಡರೆ ನೀವೇ ಮಾತು ತುಂಬಿಸಬೇಡಿ.

ಅವರು ಒಪ್ಪಿದರೆ, ತಾಯಿಗೆ ಹೇಳುವವರು ಅವರೇ ಆಗಬೇಕು. ಇದರಲ್ಲಿ ರಾಜಿ ಬೇಡ. "ಅವ್ವ, ಈ ಸಲ ನಾವಿಬ್ಬರೇ ಹೋಗಿಬರ್ತೀವಿ" ಅಂತ ಮಗನ ಬಾಯಲ್ಲಿ ಬಂದರೆ ಅದು ಮಗನ ತೀರ್ಮಾನ. "ಇವಳು ಬೇಡ ಅಂದಳು" ಅಂತ ಬಂದರೆ ಮುಂದಿನ ಹತ್ತು ವರ್ಷ ಅದು ನಿಮ್ಮ ತಲೆಗೇ. ಇದನ್ನೂ ಅವರಿಗೆ ಬಿಡಿಸಿ ಹೇಳಿ.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಇಡೀ ಕಾಗದದಲ್ಲಿ ನನಗೆ ಕಂಡ ದೊಡ್ಡ ಕೊರತೆ ಇದು. ಮಗ ಅವರ ಬಗ್ಗೆ ಮಾತಾಡಿದರು, ಮಗಳು ಮಾತಾಡಿದಳು, ನಿಮ್ಮ ಅಕ್ಕನೂ ಮಾತಾಡಿದಳು. ಅವರನ್ನೇ ಯಾರಾದರೂ ನೆಟ್ಟಗೆ ಕೇಳಿದ್ದೀರಾ? "ನೀವು ಹೋಗಿಬನ್ನಿ" ಅನ್ನುವುದಕ್ಕೆ ಕೋಪ, ಸಂಕಟ, ನಿಜವಾದ ಒಪ್ಪಿಗೆ, ಯಾವ ಅರ್ಥವನ್ನು ಬೇಕಾದರೂ ಹಚ್ಚಬಹುದು. ಊಹೆ ಮಾಡಬೇಡಿ. ಸಂಜೆ ಸೊಪ್ಪು ಬಿಡಿಸುತ್ತಾ ಕೂತಾಗ ಕೇಳಿ. "ಅತ್ತೆ, ಆ ಐದು ದಿನ ನಿಮಗೆ ಯಾವುದು ಕಷ್ಟ ಆಗಬಹುದು?" ನನ್ನ ಅನಿಸಿಕೆ ಏನೆಂದರೆ, ಅವರಿಗೆ ಅಂಡಮಾನ್ ನೋಡುವ ಆಸೆಗಿಂತ ರಾತ್ರಿ ಮನೆಯಲ್ಲಿ ಒಬ್ಬರೇ ಮಲಗುವ ಭಯ ಜಾಸ್ತಿ. ಗಂಡ ಹೋದ ಒಂದು ವರ್ಷದಲ್ಲಿ ಅವರು ಬಹುಶಃ ಒಂದು ರಾತ್ರಿಯೂ ಒಬ್ಬರೇ ಇದ್ದಿಲ್ಲ.

ಹಾಗಿದ್ದರೆ ಪರಿಹಾರ ಸುಲಭ. ಮಗನನ್ನು ಹಾವೇರಿಗೆ ಕಳಿಸಬೇಡಿ. ಅವನು ಅಜ್ಜಿಯ ಜೊತೆ ದಾವಣಗೆರೆಯಲ್ಲೇ ಇರಲಿ. ದಸರಾ ರಜೆ ಅಲ್ವಾ, ನಾದಿನಿ ತನ್ನ ಮಕ್ಕಳನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ಬರಲಿ. ಅವ್ವನ ಬಗ್ಗೆ ಕಾಳಜಿ ಇರುವುದಕ್ಕೇ ತಾನೇ ಫೋನ್ ಮಾಡಿದ್ದು? ಅದನ್ನು ಚುಚ್ಚುಮಾತಾಗಿ ಹೇಳದೆ ಪ್ರೀತಿಯಿಂದಲೇ ಕೇಳಿ, ಕೇಳುವವರು ನಿಮ್ಮ ಯಜಮಾನರಾದರೆ ಇನ್ನೂ ಒಳ್ಳೆಯದು. ಅವಳಿಗೆ ಆಗದಿದ್ದರೆ ನಿಮ್ಮ ಅಕ್ಕ ಬಂದಿರಲಿ. ಮೊಮ್ಮಕ್ಕಳ ಗಲಾಟೆಯಲ್ಲಿ ಐದು ದಿನ ಕಳೆದದ್ದೇ ಗೊತ್ತಾಗುವುದಿಲ್ಲ.

ಅವರಿಗೂ ಎಲ್ಲಿಗಾದರೂ ಹೋಗಬೇಕು ಅನ್ನಿಸಿದ್ದರೆ? ಆಗಲೂ ಜಾಗ ಅಂಡಮಾನ್ ಅಲ್ಲ. ಸಮುದ್ರವೇ ಬೇಕಾದರೆ ಮುರುಡೇಶ್ವರ ಇದೆ. ಅಲ್ಲಿ 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ, ಮಂಡಿನೋವಿನವರೂ ಮೇಲೆ ಹೋಗಿ ಸಮುದ್ರ ನೋಡಬಹುದು. ಮತ್ತು ಆ ಪ್ರವಾಸಕ್ಕೆ ನೀವು ಹೋಗಬೇಡಿ. ತಾಯಿ ಮಗ ಇಬ್ಬರೇ ಹೋಗಲಿ. ಓದಿ ಆಶ್ಚರ್ಯವಾಯಿತಾ? ಅಪ್ಪನನ್ನು ಕಳೆದುಕೊಂಡ ಮಗನಿಗೂ ಗಂಡನನ್ನು ಕಳೆದುಕೊಂಡ ತಾಯಿಗೂ ಅವರವರೇ ಮಾತಾಡಿಕೊಳ್ಳುವ ಮಾತುಗಳಿರುತ್ತವೆ. ಸೊಸೆ ಎಷ್ಟೇ ಒಳ್ಳೆಯವಳಾದರೂ ಅವಳೆದುರು ಅವು ಹೊರಗೆ ಬರುವುದಿಲ್ಲ. ಅಂಡಮಾನ್‌ನಿಂದ ಬಂದ ಮೇಲೆ ಅಲ್ಲ, ಹೋಗುವ ಮೊದಲೇ ಒಂದು ಶನಿವಾರ ಭಾನುವಾರ ಹೋಗಿಬಂದರೆ ನಿಮ್ಮ ಯಜಮಾನರ ಮನಸ್ಸೂ ಹಗುರಾಗುತ್ತದೆ.

ಈಗ ನೀವು ಕಾಗದದ ಕೊನೆಯಲ್ಲಿ ಅಳುಕುತ್ತಾ ಬರೆದ ಸಾಲು. "ಅಲ್ಲಿ ಅಷ್ಟು ದಿನ ಏನು ಮಾತಾಡುತ್ತೇವೋ." ಅತ್ತೆಯ ವಿಷಯಕ್ಕಿಂತ ಇದೇ ದೊಡ್ಡದು ಅಂತ ನನಗನ್ನಿಸಿತು. ಬಹುಶಃ ನಿಮ್ಮ ಯಜಮಾನರಿಗೂ ಇದೇ ಭಯ ಒಳಗೊಳಗೆ ಇದೆ. ಮೂರನೆಯವರು ಇದ್ದರೆ ಮಾತಿಗೆ ತೊಂದರೆ ಇಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. ಹ್ಯಾವ್‌ಲಾಕ್‌ನಲ್ಲಿ (2018ರಿಂದ ಅದರ ಹೆಸರು ಸ್ವರಾಜ್ ದ್ವೀಪ) ಸಂಜೆ ತುಂಬಾ ಬೇಗ ಆಗುತ್ತದೆ. ಇಡೀ ದೇಶಕ್ಕೆ ಒಂದೇ ಗಡಿಯಾರ, ಆ ದ್ವೀಪ ಇರುವುದು ದೂರದ ಪೂರ್ವದಲ್ಲಿ. ಅಕ್ಟೋಬರ್‌ನಲ್ಲಿ ಐದೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ರಾಧಾನಗರ ಬೀಚ್ ಪಶ್ಚಿಮಕ್ಕಿದೆ, ಸೂರ್ಯಾಸ್ತ ನೋಡಲು ಜನ ಅಲ್ಲಿಗೇ ಬರುತ್ತಾರೆ. ಅದು ಮುಗಿದು ರೂಮಿಗೆ ಬಂದರೆ ಆರು ಗಂಟೆಗೆ ಗಾಢ ಕತ್ತಲು. ಬೆಂಗಳೂರಿನ ಹಾಗೆ ಮಾಲ್ ಇಲ್ಲ, ಥಿಯೇಟರ್ ಇಲ್ಲ. ಮೊಬೈಲ್ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಲಗುವವರೆಗೆ ಮೂರು ನಾಲ್ಕು ಗಂಟೆ ನೀವಿಬ್ಬರೇ.

ಮೊದಲ ಸಂಜೆ ಪೇಚಾಟ ಆಗುತ್ತದೆ. ಆಗಲಿ. ಮಗನ ಟ್ಯೂಷನ್, ಗ್ಯಾಸ್ ಸಿಲಿಂಡರ್, ಸೈಟಿನ ಕಂದಾಯ, ಇಷ್ಟು ಮುಗಿಯುತ್ತಲೇ ಇಬ್ಬರೂ ಮೊಬೈಲ್ ಕಡೆ ಕೈ ಹಾಕುತ್ತೀರಿ. ನಮ್ಮಲ್ಲಿ ಎಲ್ಲ ಮುಗಿದೇ ಹೋಗಿದೆ ಅಂತ ಆ ರಾತ್ರಿಯೇ ತೀರ್ಮಾನ ಮಾಡಬೇಡಿ. ಹನ್ನೆರಡು ವರ್ಷ ಮನೆತುಂಬ ಜನರ ನಡುವೆ ಬದುಕಿದವರಿಗೆ ಒಬ್ಬರಿಗೊಬ್ಬರು ಮತ್ತೆ ರೂಢಿಯಾಗಲು ಒಂದೆರಡು ದಿನ ಬೇಕು. ಎರಡನೆಯ ದಿನ ಚಿಕ್ಕದಕ್ಕೆ ಜಗಳವೂ ಆದೀತು. ಬಿಸಿಲು, ಸುಸ್ತು, ಸ್ಕೂಟರ್ ಬಾಡಿಗೆ, ಏನಾದರೊಂದು ನೆಪ ಸಿಕ್ಕೇ ಸಿಗುತ್ತದೆ. ಅದೂ ಹೋಗುತ್ತದೆ.

ಮೂರನೆಯ ಸಂಜೆಯ ಹೊತ್ತಿಗೆ ಅವರು ಅಪ್ಪನ ಬಗ್ಗೆ ಮಾತು ತೆಗೆಯಬಹುದು. ತೆಗೆದರೆ ದಯವಿಟ್ಟು "ರಜಾದಲ್ಲಿ ಯಾಕೆ ಅದನ್ನೆಲ್ಲ" ಅನ್ನಬೇಡಿ. ಕೊನೆಯ ದಿನಗಳ ಆಸ್ಪತ್ರೆಯ ವಿಷಯ ಬರಬಹುದು, ಚಿಕ್ಕಂದಿನಲ್ಲಿ ಅಪ್ಪ ಸೈಕಲ್ ಕಲಿಸಿದ್ದು ಬರಬಹುದು. ಅಳಬಹುದು. ಅಳಲಿ. ಇಷ್ಟು ದಿನ ಮನೆಯಲ್ಲಿ ಅವ್ವ ನೋಡುತ್ತಾರೆ, ಮಗ ನೋಡುತ್ತಾನೆ ಅಂತ ತಡೆದುಕೊಂಡದ್ದು ಅದು. ನಿಮ್ಮದೂ ಇರುತ್ತದಲ್ಲ, ಹನ್ನೆರಡು ವರ್ಷದ್ದು. ಅದಕ್ಕೂ ಅಲ್ಲೇ ಜಾಗ ಇದೆ.

ಹೀಗೆ ಆಗಬೇಕಾದರೆ ಏಜೆಂಟ್ ಕೊಟ್ಟ ಪಟ್ಟಿಯನ್ನು ಅರ್ಧ ಹರಿದುಹಾಕಿ. ಸೆಲ್ಯುಲಾರ್ ಜೈಲು ನೋಡಿ, ಅದನ್ನು ಬಿಡಬಾರದು. ಬಾರಾಟಾಂಗ್ ದ್ವೀಪ ಬೇಡ. ಅದಕ್ಕೆ ನಸುಕಿನ ಮೂರು ನಾಲ್ಕಕ್ಕೇ ಎದ್ದು ಹೊರಡಬೇಕು, ದಾರಿ ಜರಾವಾ ಆದಿವಾಸಿಗಳ ಕಾಡಿನ ಒಳಗೇ ಹೋಗುತ್ತದೆ. ಅವರ ನೆಲದಲ್ಲಿ ದಿನವೂ ನಮ್ಮ ವಾಹನಗಳ ಸಾಲು ಓಡುವುದೇ ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಉಳಿದಂತೆ ಹ್ಯಾವ್‌ಲಾಕ್‌ನಲ್ಲೇ ಮೂರು ರಾತ್ರಿ ಇರಿ.

ಸ್ಕೂಬಾ ಡೈವಿಂಗ್ ಮಾಡಬೇಕು ಅನ್ನಿಸಿದರೆ ಮಾಡಿ. ಈಜು ಬರದವರನ್ನೂ ತರಬೇತುದಾರರು ಜೊತೆಗಿದ್ದೇ ಕೆಳಗೆ ಕರೆದೊಯ್ಯುತ್ತಾರೆ. ಬಿಪಿ, ಆಸ್ತಮಾ, ಕಿವಿಯ ತೊಂದರೆ ಇದ್ದರೆ ಫಾರ್ಮ್‌ನಲ್ಲಿ ಮುಚ್ಚಿಡಬೇಡಿ. ವಿಮಾನ ಹತ್ತುವ ಹಿಂದಿನ ದಿನ ಮಾತ್ರ ಡೈವಿಂಗ್ ಇಟ್ಟುಕೊಳ್ಳಬೇಡಿ, ಮಧ್ಯೆ ಒಂದು ಪೂರ್ತಿ ದಿನ ಬಿಡಿ. ಯಜಮಾನರಿಗೆ ಇಷ್ಟವಿಲ್ಲದಿದ್ದರೆ ದಡದಲ್ಲಿ ಕೂತಿರಲಿ, ಬಲವಂತ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ಅವರು "ಅವ್ವ ಬರದಿದ್ದರೆ ನಾನೂ ಬರಲ್ಲ" ಅಂದರೆ? ಆಗ ಮುಖ ಊದಿಸಿಕೊಂಡು ಮೂವರೂ ಹೋಗಬೇಡಿ. ದಿನ ಮುಂದಕ್ಕೆ ಹಾಕಿ, ಸ್ವಲ್ಪ ದುಡ್ಡು ಕಳೆದರೂ ಪರವಾಗಿಲ್ಲ. ಅವರ ದುಃಖ ಇನ್ನೂ ಹಸಿಯಾಗಿದೆ ಅಂತ ಅದರ ಅರ್ಥ. ಆದರೆ ಮುಂದಿನ ದಿನಾಂಕವನ್ನು ಅವತ್ತೇ ಇಬ್ಬರೂ ಕೂತು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. "ಆಮೇಲೆ ನೋಡೋಣ" ಅನ್ನುವ ಮಾತಿಗೆ ಮಾತ್ರ ಒಪ್ಪಬೇಡಿ. ಒಪ್ಪಿದರೆ ನಿಮ್ಮ ಚೀಟಿಯ ದುಡ್ಡು ಮನೆಯ ಪೇಂಟಿಂಗ್‌ಗೆ ಹೋಗುತ್ತದೆ.

ಹೊರಡುವುದು ಖಚಿತವಾದರೆ ಒಂದು ಕಿವಿಮಾತು. ಅಕ್ಟೋಬರ್‌ನಲ್ಲಿ ಅಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಸಮುದ್ರ ಒರಟಾದರೆ ಹಡಗು ರದ್ದಾಗುತ್ತದೆ. ಅದಕ್ಕೇ ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಉಳಿಯಿರಿ (ಈಗ ಶ್ರೀ ವಿಜಯಪುರಂ ಅನ್ನುತ್ತಾರೆ). ಹ್ಯಾವ್‌ಲಾಕ್ ಹಡಗು ಹತ್ತುವ ಮೊದಲು ನಿಮ್ಮ ಯಜಮಾನರಿಂದ ಮನೆಗೆ ಒಂದು ಫೋನ್ ಮಾಡಿಸಿ. ಒಂದೆರಡು ದಿನ ಲೈನ್ ಸಿಗದಿದ್ದರೆ ಗಾಬರಿಯಾಗಬೇಡ ಅಂತ ಅವ್ವನಿಗೆ ಅವರೇ ಹೇಳಲಿ, ಹೋಟೆಲಿನ ನಂಬರ್ ನಾದಿನಿಯ ಹತ್ತಿರವೂ ಇರಲಿ.